ಮೇಷ್ಟ್ರ ಬೋಣಿ

ಇದನ್ನು ಹೇಳಬೇಕೆಂದು ಹೊರಟು ನಾನು ಹಿಂದೆ ಸರಿದದ್ದು ಒಂದೆರಡು ಸಲವಲ್ಲ. ಹೆಂಡತಿ ಇದ್ದಾಗ ಅವಳಿಗೆ ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಮಕ್ಕಳು ದೊಡ್ಡವರಾಗಲಿ ಎಂದುಕೊಂಡೆ, ಈಗ ಅವರ ತಲೆಯೂ ನರೆತಿದೆ. ಪ್ರತಿ ಸಲ ಏನಾದರೊಂದು ನೆಪ. ಕಾಫಿ ಕುಯ್ಲು ಮುಗಿಯಲಿ, ಮಳೆ ನಿಲ್ಲಲಿ, ಮಂಡಿ ನೋವು ಕಡಮೆಯಾಗಲಿ. ಕಳೆದ ವಾರ ಮೊಮ್ಮಗಳು ಪುಸ್ತಕ ಹಿಡಿದುಕೊಂಡು ಬಂದು ನನ್ನ ನೆಪಗಳ ಕತ್ತು ಹಿಡಿದಳು.

"ಅಜ್ಜ, ಗುಡ್‌ವಿಲ್‌ಗೆ ಕನ್ನಡಲಿ ಎಂಥ ಹೇಳುದು?"

"ಕೈಗುಣ" ಎಂದುಬಿಟ್ಟೆ.

ಅವಳು ನಕ್ಕಳು. "ಅದ್ ಡಾಕ್ಟರಿಗೆ ಹೇಳುದಲ್ಲ ಅಜ್ಜ?"

"ನಮ್ಮ ಕ್ಲಾಸಿಲಿ ಹಂಗೇ ಹೇಳ್ತಿದ್ದದ್."

"ಯಾರ್ ಕಲ್ಸಿದ್ದ್?"

ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಹೇಳಿ ನಾನು ಎದ್ದು ಹೋದೆ. ಒಲೆಯ ಮೇಲೆ ಹಾಲೂ ಇರಲಿಲ್ಲ, ಒಲೆಯಲ್ಲಿ ಬೆಂಕಿಯೂ ಇರಲಿಲ್ಲ.

ಮೊಮ್ಮಗಳ ಕಾಲೇಜಿನಲ್ಲಿ ಹೊಸ ವ್ಯಾಪಾರ ಹೂಡುವುದಕ್ಕೆ ಒಂದು ಪಾಠ, ಮಾರುವುದಕ್ಕೆ ಒಂದು ಪಾಠ, ಲೆಕ್ಕ ಬರೆಯುವುದಕ್ಕೆ ಇನ್ನೊಂದು. ಮೂರಕ್ಕೂ ಬೇರೆ ಬೇರೆ ಅಧ್ಯಾಪಕರು. ಎಲ್ಲ ಮುಗಿಸಿದರೆ ಒಂದು ಡಿಗ್ರಿ. ನಮಗೆ ಈ ಮೂರನ್ನೂ ಒಬ್ಬರೇ ಕಲಿಸಿದರು, ಅದರಲ್ಲಿ ಅರ್ಧದಷ್ಟನ್ನು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನಿಂತು ಕಲಿಸಿದರು. ಡಿಗ್ರಿ ಮಾತ್ರ ಇರಲಿಲ್ಲ.

ಅದು ಯುದ್ಧದ ಕಾಲ. ಕೊಡಗು ಇನ್ನೂ ಬಿಳಿಯರ ಕೈಯಲ್ಲಿತ್ತು. ನಾನು ಹೈಸ್ಕೂಲು ಮುಗಿಸಿದ್ದೆ. ದೊರೆಗಳ ಎಸ್ಟೇಟಿನಲ್ಲಿ ರೈಟರ್, ಎಂದರೆ ಲೆಕ್ಕದ ಗುಮಾಸ್ತ, ಆಗಬೇಕೆಂಬುದು ನನ್ನ ಆಸೆ. ಅದಕ್ಕೆ ಟೈಪು ಬರಬೇಕು, ಲೆಕ್ಕ ಇಡಲು ಬರಬೇಕು. ಮಡಿಕೇರಿಯಲ್ಲಿ ಒಬ್ಬರು ಕಮರ್ಷಿಯಲ್ ಕ್ಲಾಸ್ ನಡೆಸುತ್ತಾರೆ, ಅಲ್ಲಿ ವ್ಯಾಪಾರ ಮಾಡುವುದನ್ನೂ ಕಲಿಸುತ್ತಾರೆ ಎಂದು ಕೇಳಿ ಅಪ್ಪನ ಮುಂದೆ ಹೇಳಿದೆ. ಭಾಗಮಂಡಲದ ಆಚೆ ನಮ್ಮ ಮನೆ. ಅಪ್ಪ ಗದ್ದೆಯ ಬದುವಿನಿಂದ ತಲೆ ಎತ್ತಲಿಲ್ಲ.

"ಮಾರಿಕೆನೂ ಇಸ್ಕೂಲ್ ಉಟ್ಟಾ? ನಿನ್ನಜ್ಜ ಏಲಕ್ಕಿ ಮಾರ್ದು ಯಾವ ಇಸ್ಕೂಲಿಗೆ ಹೋಗಿ?"

ಮಾರುವುದಕ್ಕೂ ಶಾಲೆಯೇ ಎಂದು ಹಂಗಿಸಿದರೂ ಕಳುಹಿಸಿದರು.

ಮೇಷ್ಟ್ರು ಪುತ್ತೂರಿನ ಕಡೆಯವರು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಒಬ್ಬರೇ ಘಾಟಿ ಹತ್ತಿ ಬಂದಿದ್ದರು. ಪೇಟೆಯಲ್ಲಿ ಒಬ್ಬ ದರ್ಜಿಯ ಅಂಗಡಿಯ ಮೇಲಿನ ಅಟ್ಟವೇ ಕ್ಲಾಸು, ಅದರ ಹಿಂದಿನ ಕೋಣೆಯೇ ಅವರ ಮನೆ. ಮೇಲೆ ಟೈಪಿನ ಸದ್ದು, ಕೆಳಗೆ ಹೊಲಿಗೆ ಯಂತ್ರದ ಸದ್ದು. ಹೊಸದಾಗಿ ಬಂದವರಿಗೆ ಯಾವುದು ವಿದ್ಯೆ, ಯಾವುದು ಹೊಲಿಗೆ ಎಂದು ಬೇಗ ತಿಳಿಯುತ್ತಿರಲಿಲ್ಲ.

ಇದ್ದದ್ದು ಎರಡು ಟೈಪ್‌ರೈಟರ್. ಅದರಲ್ಲಿ ಒಂದರ ಗಂಟೆ ಕೆಟ್ಟಿತ್ತು. ಸಾಲು ಮುಗಿಯುತ್ತ ಬಂದಾಗ ಹೊಡೆಯಬೇಕಾದ ಆ ಗಂಟೆಯ ಕೆಲಸವನ್ನು ಮೇಷ್ಟ್ರೇ ವಹಿಸಿಕೊಂಡಿದ್ದರು. ಕೋಣೆಯ ಆ ಮೂಲೆಯಲ್ಲಿ ಬೇರೊಬ್ಬನಿಗೆ ಲೆಕ್ಕ ಹೇಳಿಕೊಡುತ್ತಿದ್ದರೂ ಕಿವಿ ಈ ಮೂಲೆಯಲ್ಲಿ ಇರುತ್ತಿತ್ತು. ಸರಿಯಾದ ಜಾಗಕ್ಕೆ "ಟಿಣ್!" ಎನ್ನುತ್ತಿದ್ದರು. ಒಮ್ಮೆ ಒಳಗೆ ಊಟಕ್ಕೆ ಕೂತವರು ಬಾಯಲ್ಲಿ ತುತ್ತು ಇಟ್ಟುಕೊಂಡೇ "ಟಿಣ್" ಎಂದದ್ದನ್ನು ನಾನೇ ಕೇಳಿದ್ದೇನೆ. ಮಡಿಕೇರಿಯ ಮಳೆಗೆ ಟೈಪಿನ ಕೀಲುಗಳಿಗೆ ಬೂಸ್ಟು ಹಿಡಿಯುತ್ತಿತ್ತು. ಆಗ ಎರಡನ್ನೂ ಕೆಂಡದ ಅಗ್ಗಿಷ್ಟಿಕೆಯ ಪಕ್ಕದಲ್ಲಿಟ್ಟು, ಬಾಣಂತಿಯನ್ನು ವಿಚಾರಿಸುವಂತೆ ಆಗಾಗ ಮುಟ್ಟಿ ನೋಡುತ್ತಿದ್ದರು.

ಉದ್ದನೆಯ ಕರಿ ಕೋಟು ಅವರದು. ಅದರ ಎಡ ಜೇಬಿಗೆ ಬಂದದ್ದು, ಬಲ ಜೇಬಿಗೆ ಕೊಡಬೇಕಾದದ್ದು. "ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ. ಇಷ್ಟೇ ಮಾರಾಯ ಲೆಕ್ಕ. ಉಳಿದದ್ದೆಲ್ಲ ಬರೇ ಅಕ್ಷರ" ಎನ್ನುತ್ತಿದ್ದರು. ಯಾರಾದರೂ ಒಂದು ಬಾಳೆಹಣ್ಣು ಕೊಟ್ಟರೂ ಅದು ಎಡ ಜೇಬಿಗೆ ಹೋಗುತ್ತಿತ್ತು. ಅದನ್ನು ಬೇರೆಯವರಿಗೆ ಕೊಡಬೇಕೆಂದಿದ್ದರೆ ಮೊದಲು ತೆಗೆದು ಬಲ ಜೇಬಿಗೆ ಹಾಕಿ, ಆಮೇಲೆ ಅಲ್ಲಿಂದ ತೆಗೆದು ಕೊಡುವರು. ಸವಕಳಿಯ ಪಾಠ ಮಾಡುವಾಗ ಚಪ್ಪಲಿ ಬಿಚ್ಚಿ ಎತ್ತಿ ಹಿಡಿದು, "ಈ ಹಿಮ್ಮಡಿ ನೋಡಿ. ಹೋದ ವರ್ಷ ಇತ್ತು. ಈ ವರ್ಷ ಎಲ್ಲಿ ಹೋಯ್ತು? ಬರೆಯದೆ ಇದ್ರೆ ಲಾಭ ಅಂತ ನೀವು ತಿಳಿದುಕೊಂಡದ್ದು ಸುಳ್ಳು" ಎಂದು ಗದರಿದ್ದರು.

ಗುಡ್‌ವಿಲ್ ಪಾಠದ ದಿನ ಅವರು ಹೀಗೆ ಕೇಳಿದರು: "ಅಂಗಡಿ ಮಾರ್ತೀರಿ ಅಂತ ಇಟ್ಟುಕೊಳ್ಳಿ. ಸಾಮಾನಿಗೆ ಬೆಲೆ ಉಂಟು, ಕಪಾಟಿಗೆ ಉಂಟು. ಆದ್ರೆ ಗಿರಾಕಿ ಬೇರೆ ನಾಲ್ಕು ಅಂಗಡಿ ದಾಟಿ ನಿಮ್ಮಲ್ಲಿಗೇ ಬರ್ತಾನಲ್ಲ, ಅದಕ್ಕೆ ಎಂತ ಬೆಲೆ? ಅದು ಕಣ್ಣಿಗೆ ಕಾಣುದಿಲ್ಲ, ತಕ್ಕಡಿಗೆ ಸಿಗುದಿಲ್ಲ. ಆದ್ರೂ ಆಸ್ತಿ. ಕನ್ನಡದಲ್ಲಿ ಎಂತ ಹೇಳುದು?"

ಒಬ್ಬ ಅದೃಷ್ಟ ಎಂದ. ಒಬ್ಬ ಹೆಸರು ಎಂದ. ನಾನು "ಕೈಗುಣ ಸಾರ್" ಎಂದೆ.

ಮೇಷ್ಟ್ರು ನನ್ನನ್ನು ನೋಡಿ, ಕೋಟಿನ ಎಡ ಜೇಬು ಮುಟ್ಟಿಕೊಂಡರು. ಬಂತು ಎನ್ನುವ ಹಾಗೆ. ಆಮೇಲೆ ಹಲಗೆಯ ಮೇಲೆ ಗುಡ್‌ವಿಲ್ ಎಂಬುದರ ಕೆಳಗೆ ಆ ಮಾತನ್ನು ಬರೆದರು. ಅಂದಿನಿಂದ ನಾನು ಅವರ ಮೆಚ್ಚಿನ ಶಿಷ್ಯ.

ಕುಯ್ಲಿನ ಕಾಲ ಬಂದಾಗ ಸಂತೆ ಪಾಠ ಶುರುವಾಯಿತು. ಪ್ರತಿಯೊಬ್ಬನೂ ತನ್ನ ಮನೆಯಿಂದ ಏನಾದರೂ ತಂದು ಶುಕ್ರವಾರ ಸಂತೆಯಲ್ಲಿ ಕೂತು ಮಾರಬೇಕು. ಮಾರಲು ಕೂಗು ಬೇಕಾದರೆ ಅದನ್ನೂ ತಾನೇ ಕಟ್ಟಬೇಕು. ಹೈಸ್ಕೂಲು ಓದಿದ ಹುಡುಗರು ನೆಲದ ಮೇಲೆ ಗೋಣಿ ಹಾಸಿ ಕೂರುವುದೆಂದರೆ ನಮಗೆಲ್ಲ ನಾಚಿಕೆ. ಅದರಲ್ಲೂ ಬೋಪಣ್ಣನಿಗೆ. ಮಾದಾಪುರದ ಕಡೆಯ ಅವನು ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯ. ಜೇನು ತಂದಿದ್ದ. ಕೂಗಲು ಬಾಯಿ ಬರಲಿಲ್ಲ. ಮನೆಗೆ ನೆಂಟರು ಬರುತ್ತಾರೆಂದು ಜಗಲಿಯಲ್ಲಿ ಕಾಯುವವನಂತೆ ಬೆನ್ನು ನೆಟ್ಟಗೆ ಮಾಡಿ ಕೂತ. ಸಂತೆಗೆ ಬಂದ ಅವನ ಮಾವಂದಿರು, ದೊಡ್ಡಪ್ಪಂದಿರು, ಅತ್ತೆಯರು ಒಬ್ಬೊಬ್ಬರಾಗಿ "ಇದೆಂಥ ಕುಂಞಿ, ನೀನಿಲ್ಲಿ?" ಎನ್ನುತ್ತ ಬಂದರು. ಮಧ್ಯಾಹ್ನಕ್ಕೆ ಮೊದಲು ಜೇನು ಖಾಲಿ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವನು ಕೂಗಲೇ ಇಲ್ಲ. ಇವನ ಒಕ್ಕವೇ ಕೂಗಿತು, ಇಡೀ ಮನೆತನ!"

ಸಂತೆಯಲ್ಲಿ ಮೇಷ್ಟ್ರದು ಒಂದು ಪದ್ಧತಿ. ಬೆಳಿಗ್ಗೆ ಮಂಜು ಕರಗುವ ಮೊದಲೇ ಬಂದು ನಮ್ಮೆಲ್ಲರ ಬಳಿಯೂ ಮೊದಲ ವ್ಯಾಪಾರ ಅವರೇ ಮಾಡುತ್ತಿದ್ದರು. ಬೋಣಿ ಎಂದರೆ ವ್ಯಾಪಾರಿಗೆ ಎಷ್ಟು ದೊಡ್ಡದೆಂದು ಎಲ್ಲರಿಗೂ ಗೊತ್ತು. ಮೊದಲ ಗಿರಾಕಿಯ ಕಾಸನ್ನು ಕಣ್ಣಿಗೊತ್ತಿಕೊಳ್ಳದೆ ಯಾರೂ ಪೆಟ್ಟಿಗೆಗೆ ಹಾಕುವುದಿಲ್ಲ. ಮೇಷ್ಟ್ರು ಸುಮ್ಮನೆ ಕೊಂಡುಕೊಳ್ಳುವವರಲ್ಲ. ಚೌಕಾಸಿ ಮಾಡಿ, ಕೈ ಬೀಸಿ, ಹೊರಟು ಹೋಗಿ, ತಿರುಗಿ ಬಂದು, ಕೊನೆಗೆ ನಾವು ಹೇಳಿದ ಬೆಲೆಯನ್ನೇ ಕೊಟ್ಟು "ಹೂಂ, ಬೋಣಿ ಆಯ್ತು. ಇನ್ನು ನಿನ್ನ ಕೈ" ಎನ್ನುತ್ತಿದ್ದರು.

ನಾನು ಮನೆಯ ತೋಟದ ಕಿತ್ತಳೆ ತಂದಿದ್ದೆ. ಒಳ್ಳೆಯದನ್ನು ಆಗಲೇ ದಲಾಲಿ ಒಯ್ದಿದ್ದ. ನನಗೆ ಸಿಕ್ಕಿದ್ದರಲ್ಲಿ ಬಹುಪಾಲು ಸಿಪ್ಪೆ ಉಬ್ಬಿ, ಸೊಳೆ ಒಣಗಿದ್ದವು. ಸಂತೆಯ ಜಾಣತನ ನನಗೂ ಗೊತ್ತಿತ್ತು. ಚೆನ್ನಾಗಿದ್ದವನ್ನು ಒರೆಸಿ ಮೇಲೆ ಜೋಡಿಸಿದೆ, ಉಬ್ಬಿದ್ದವನ್ನು ಕೆಳಗೆ ತುಂಬಿದೆ. ಮೇಷ್ಟ್ರು ಬಂದು, ಚೌಕಾಸಿ ಮಾಡುತ್ತ ಮಾಡುತ್ತ ಬುಟ್ಟಿಯ ತಳಕ್ಕೆ ಕೈ ಹಾಕಿದರು. ಒಂದು ಹಣ್ಣನ್ನು ಒತ್ತಿ ನೋಡಿ ನನ್ನ ಮುಖ ನೋಡಿದರು.

"ನನಗೆ ಕೆಳಗಿನದ್ದೇ ಇರಲಿ" ಎಂದು ಆ ಒಣಗಿದವನ್ನೇ ಆರಿಸಿಕೊಂಡರು. ಕಾಸು ಕೊಡುವಾಗ ಬಗ್ಗಿ, ಪಕ್ಕದವರಿಗೆ ಕೇಳಿಸದ ಹಾಗೆ, "ಉಳಿದದ್ದನ್ನು ಬೇರೆ ಇಡು ಮಾರಾಯ. ಇಂಥದ್ದು ಅಂತ ಹೇಳಿಯೇ ಮಾರು" ಎಂದರು.

ನಾನು ಕಾಸನ್ನು ಕಣ್ಣಿಗೊತ್ತಿಕೊಂಡೆ. ಬೇರೆ ಇಡಲಿಲ್ಲ.

ಆಮೇಲೆ ಒಬ್ಬ ಹೆಂಗಸು ಬಂದು ಹಣ್ಣು ಕೊಂಡಳು. ಅಲ್ಲೇ ಒಂದನ್ನು ಸುಲಿದು ಬಾಯಿಗೆ ಹಾಕಿ, ಉಗಿದು, ಸಂತೆಗೆಲ್ಲ ಕೇಳಿಸುವಂತೆ ನನ್ನ ಹಣ್ಣಿನ ಗುಣಗಾನ ಮಾಡಿ ಹೋದಳು. ಮುಗಿಯಿತು. ಬೋಪಣ್ಣನ ಜೇನು ಖಾಲಿಯಾಗುವ ಹೊತ್ತಿಗೆ ನನ್ನ ಬುಟ್ಟಿ ಹಾಗೆಯೇ ಇತ್ತು. ಎದುರಿಗೆ ಬಾಳೆಹಣ್ಣು ಮಾರುತ್ತಿದ್ದ ಮೊಯ್ದು ಕಾಕ ಆಗಷ್ಟೇ ಚಹಾ ಕುಡಿದು ಬಂದವರು. ಆ ಹೆಂಗಸಿನ ಗಲಾಟೆ ಅವರಿಗೆ ಗೊತ್ತಿರಲಿಲ್ಲ.

"ಎಂದಾ ಮೋನೇ, ಬುಟ್ಟಿ ಹಾಗೇ ಉಂಟಲ್ಲಾ? ವಾಪಸ್ ಹೊತ್ತುಕೊಂಡು ಹೋಗಲಿಕ್ಕೆ ತಂದದ್ದಾ?"

ಸುತ್ತ ಇದ್ದ ಗೆಳೆಯರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆಗ ನನ್ನ ಬಾಯಿಂದ ಬಂದದ್ದು ಇಷ್ಟು:

"ಬೋಣಿ ಮಾಡಿದ್ದು ನಮ್ಮ ಮೇಷ್ಟ್ರು ಕಾಕ. ಮತ್ತೆ ಹೇಗೆ ಆಗ್ತದೆ ವ್ಯಾಪಾರ?"

ಗೆಳೆಯರು ಇನ್ನೂ ಜೋರಾಗಿ ನಕ್ಕರು. ಬುಟ್ಟಿಯ ಮೇಲಿದ್ದ ನಗು ಮೇಷ್ಟ್ರ ಕಡೆಗೆ ತಿರುಗಿದ್ದು ನೋಡಿ ನನಗೆ ಹಾಯೆನಿಸಿತು. ಕಾಕ ಮಾತ್ರ ನಗಲಿಲ್ಲ. ಬಾಳೆಗೊನೆಯ ಮೇಲೆ ಕೈಯಿಟ್ಟು ಯೋಚಿಸಿದರು.

"ಹೌದಲ್ಲಾ" ಎಂದರು ಕೊನೆಗೆ. "ಹೋದ ಸಂತೆಗೆ ನನ್ನಲ್ಲಿಯೂ ಮೊದಲು ಬಂದದ್ದು ಅವರೇ. ಆ ದಿನ ಅರ್ಧ ಗೊನೆ ಕೊಳೆತುಹೋಯ್ತು."

ಅಷ್ಟೇ ನಡೆದದ್ದು. ನಾನು ಅದನ್ನು ಇನ್ನೊಮ್ಮೆ ಎಲ್ಲಿಯೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಕಾಕ ಒಳ್ಳೆಯ ಮನುಷ್ಯ. ಕೆಟ್ಟದ್ದಾಗದಿರಲೆಂದು ತನ್ನವರಿಗೆಲ್ಲ ಎಚ್ಚರಿಕೆ ಹೇಳಿದರು. ಬೆಲ್ಲದ ಅಂಗಡಿಯವನಿಗೆ ಮೇಷ್ಟ್ರು ಬಂದುಹೋದ ಬೆಳಿಗ್ಗೆಯೇ ಇರುವೆ ಮುತ್ತಿದ್ದು ನೆನಪಾಯಿತು. ಕೆಳಗಿನ ದರ್ಜಿಗೆ ಮೇಷ್ಟ್ರು ನಮಸ್ಕಾರ ಹೇಳಿದ ದಿನವೇ ಸೂಜಿ ಮುರಿದದ್ದು ನೆನಪಾಯಿತು. ಕುದುರೆಗೆ ಲಾಳ ಹೊಡೆಯುವವನಿಗೆ ಕುದುರೆ ಒದ್ದಿತು. ಅವನು ಆ ವಾರ ಮೇಷ್ಟ್ರ ಮುಖವನ್ನೇ ನೋಡಿರಲಿಲ್ಲ, ಆದರೂ ಅದನ್ನು ಅವರ ಖಾತೆಗೇ ಬರೆದರು. ಮಡಿಕೇರಿಯಲ್ಲಿ ಒಂದು ಹಂಚು ಜಾರಿದರೂ ಮೇಷ್ಟ್ರು ಆ ದಾರಿಯಲ್ಲಿ ಹೋಗಿದ್ದರೇ ಎಂದು ಕೇಳುವಂತಾಯಿತು.

ಅವರಿಗೆ ಮಾತ್ರ ಏನೂ ಗೊತ್ತಿಲ್ಲ. ಒಬ್ಬರೇ ಅಡುಗೆ ಮಾಡಿಕೊಳ್ಳುವವರಾದ್ದರಿಂದ ಬೆಳಿಗ್ಗೆ ಎದ್ದು ಸಾಮಾನಿಗೆ ಹೊರಡುತ್ತಿದ್ದರು. "ಬೆಲ್ಲ ಇಲ್ಲ ಮೇಷ್ಟ್ರೇ, ಯುದ್ಧ ಅಲ್ವಾ. ಆಮೇಲೆ ನೋಡುವಾ." "ಬೆಂಕಿಪೆಟ್ಟಿಗೆ ಇಲ್ಲ ಮೇಷ್ಟ್ರೇ. ಮಧ್ಯಾಹ್ನ ಬನ್ನಿ." ಮಧ್ಯಾಹ್ನ ಹೋದರೆ ಎಲ್ಲವೂ ಇರುತ್ತಿತ್ತು. ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು. ಇವರಿಗೆ ಕುತೂಹಲವಾಯಿತು. ಕ್ಲಾಸಿಗೆ ಬಂದು ಹಲಗೆಯ ಮೇಲೆ ಮಡಿಕೇರಿಯ ಬೆಲ್ಲದ ಗೆರೆ ಎಳೆದರು. ಬೆಳಿಗ್ಗೆ ಕೆಳಗೆ, ಮಧ್ಯಾಹ್ನಕ್ಕೆ ಮೇಲೆ.

"ಬೇಡಿಕೆ, ಪೂರೈಕೆ ಎಲ್ಲ ನಾನು ಓದಿದ್ದೇನೆ. ಆದ್ರೆ ಇಂಥ ಗೆರೆ ಯಾವ ಪುಸ್ತಕದಲ್ಲಿಯೂ ಇಲ್ಲ ಮಾರಾಯ್ರೇ. ಬೆಳಿಗ್ಗೆ ಇಲ್ಲದ ಬೆಲ್ಲ ಮಧ್ಯಾಹ್ನ ಎಲ್ಲಿಂದ ಬರ್ತದೆ? ನಾಳೆ ಎಲ್ಲರೂ ಕಾರಣ ಬರೆದು ತನ್ನಿ."

ನಾವು ತುಟಿ ಕಚ್ಚಿ ನಗು ತಡೆದುಕೊಂಡೆವು. ಮರುದಿನ ಯಾರೂ ಬರೆದು ತರಲಿಲ್ಲ, ನನ್ನೊಬ್ಬನನ್ನು ಬಿಟ್ಟು. ಮೈಸೂರಿನಿಂದ ಸಾಮಾನಿನ ಲಾರಿ ಹೊರಡುವುದು ಬೆಳಗಿನ ಜಾವ, ಕುಶಾಲನಗರದಲ್ಲಿ ತಪಾಸಣೆ, ಆಮೇಲೆ ಏರು ದಾರಿ, ಆದ್ದರಿಂದ ಮಡಿಕೇರಿ ಸೇರುವಾಗ ಮಧ್ಯಾಹ್ನ ಎಂದು ಒಂದು ಪುಟ ಬರೆದಿದ್ದೆ. ಅಂಥ ಲಾರಿಯೇ ಇರಲಿಲ್ಲ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ ಪೂರ್ತಿ ಮಾರ್ಕು ಕೊಟ್ಟರು.

ಆ ಹೊತ್ತಿಗೆ ಕ್ಲಾಸಿಗೆ ಹೊಸಬರು ಬರುವುದು ನಿಂತಿತ್ತು. ಮಗನನ್ನು ಸೇರಿಸಲು ಒಳ್ಳೆಯ ಗಳಿಗೆ ನೋಡಿ ಬೆಳಿಗ್ಗೆ ಬಂದ ತಂದೆಯರು ಕೆಳಗೆ ದರ್ಜಿಯ ಜೊತೆ ಎರಡು ಮಾತಾಡಿ ಹಾಗೇ ಹಿಂದಿರುಗುತ್ತಿದ್ದರು. ಇದ್ದವರಲ್ಲಿಯೂ ಕೆಲವರು ಬಿಟ್ಟರು. ಆ ಅಟ್ಟದಿಂದ ಪುತ್ತೂರಿನಲ್ಲಿ ಒಂದು ಸಂಸಾರದ ಊಟ ನಡೆಯುತ್ತಿತ್ತು ಎಂಬುದು ನನಗೆ ತಿಳಿಯದ ವಿಷಯವಲ್ಲ.

ಕೊನೆಗೆ ಹೇಳಿದ್ದು ಬೋಪಣ್ಣ. ಮೇಷ್ಟ್ರು ಲಾರಿಯ ವೇಳೆ ಬದಲಾಯಿಸಬೇಕೆಂದು ಸರ್ಕಾರಕ್ಕೆ ಅರ್ಜಿ ಬರೆಯುವ ಪಾಠ ಶುರು ಮಾಡಿದಾಗ ಅವನು ಎದ್ದು ನಿಂತ.

"ಸಾರ್, ಲಾರಿ ಅಲ್ಲ ಸಾರ್. ನಿಮ್ಮ ಕೈಯಿಂದ ಬೋಣಿ ಆದ್ರೆ ಆ ದಿನ ಯಾಪಾರ ಇಲ್ಲ ಅಂತ ಪೇಟೆಲಿ ಹೇಳ್ತಾರೆ. ಅದಕ್ಕೆ ಬೆಳಿಗ್ಗೆ ಕೊಡೂದಿಲ್ಲ."

ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಮೇಷ್ಟ್ರು ಸೀಮೆಸುಣ್ಣವನ್ನು ಎಡ ಜೇಬಿಗೆ ಹಾಕಿದರು, ತೆಗೆದು ಬಲ ಜೇಬಿಗೆ ಹಾಕಿದರು. ಆಮೇಲೆ ಒಮ್ಮೆಲೇ ನಕ್ಕುಬಿಟ್ಟರು.

"ಓಹೋ! ಹಾಗಾದ್ರೆ ನಾನು ಲಾರಿ ಕಾದದ್ದು ಸುಮ್ಮನೆ!"

ನಾವೂ ನಕ್ಕೆವು. ನಗಲು ಅಪ್ಪಣೆ ಸಿಕ್ಕಿದ್ದೇ ದೊಡ್ಡದಾಗಿತ್ತು. ನಗು ಮುಗಿದ ಮೇಲೆ ಅವರು ಕೇಳಿದರು.

"ಇದನ್ನು ಮೊದಲು ಹೇಳಿದ್ದು ಯಾರು? ಹೆದರಬೇಡಿ, ಬೈಲಿಕ್ಕಲ್ಲ. ಪತ್ರಿಕೆ ಇಲ್ಲ, ಹಲಗೆ ಇಲ್ಲ, ಕೂಗು ಇಲ್ಲ. ಒಂದು ಕುಯ್ಲು ಮುಗಿಯುವುದರೊಳಗೆ ಇಡೀ ಮಡಿಕೇರಿಗೆ ಗೊತ್ತಾಗಿದೆ. ಇಂಥ ಜಾಹೀರಾತು ಮಾಡ್ಲಿಕ್ಕೆ ನಿಮಗೆ ಕಲಿಸಬೇಕು ಅಂತ ನಾನು ಇಷ್ಟು ದಿನ ಒದ್ದಾಡಿದೆ. ಯಾರು ಅಂತ ಗೊತ್ತಾದ್ರೆ ಮಾರ್ಕು ಕೊಡ್ತೇನೆ."

ಅವರು ಕೋಣೆಯನ್ನೆಲ್ಲ ನೋಡಿದರು. ಬೋಪಣ್ಣ ಕಿಟಕಿಯ ಕಡೆ ನೋಡುತ್ತಿದ್ದ. ಸಂತೆಯ ದಿನ ಅವನು ನನ್ನ ಪಕ್ಕದಲ್ಲೇ ಇದ್ದವನು. ನಾನು ಪೆನ್ಸಿಲ್ ಕೆತ್ತತೊಡಗಿದೆ. ಅದಕ್ಕೆ ಮೊನೆ ಚೆನ್ನಾಗಿಯೇ ಇತ್ತು.

ಗೊತ್ತಾದ ಮೇಲೆ ಮೇಷ್ಟ್ರು ಮಾಡಿದ್ದು ಒಂದೇ. ಬೆಳಿಗ್ಗೆ ಅಂಗಡಿಗೆ ಹೋದರೆ ಒಳಗೆ ಹೋಗುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ಕೊಡೆ ಊರಿ ನಿಂತು, ಆಕಾಶವನ್ನೋ ಕೋಟೆಯನ್ನೋ ನೋಡುತ್ತಿದ್ದರು. ಬೇರೆ ಯಾರಾದರೂ ಬಂದು ಏನಾದರೂ ಕೊಂಡು ಹೋದ ಮೇಲೆಯೇ ಅಂಗಡಿಯ ಮೆಟ್ಟಿಲು ಹತ್ತುವರು. "ಯಾಕೆ ಸಾರ್ ನೀವು ಹಾಗೆ ನಿಲ್ಲುದು? ಸುಳ್ಳಲ್ವಾ ಅದು?" ಎಂದು ಬೋಪಣ್ಣ ಜಗಳಕ್ಕೆ ನಿಂತವನಂತೆ ಕೇಳಿದ. "ಸುಳ್ಳೇ ಮಾರಾಯ. ಆದ್ರೆ ಅವನು ದಿನವಿಡೀ ಹೆದರಿಕೊಂಡು ಕೂತ್ಕೊಳ್ಳುದು ನಿಜ ಅಲ್ವಾ?" ಎಂದರು.

ಮಳೆ ಹಿಡಿಯುವ ಮೊದಲು ಕ್ಲಾಸು ಮುಚ್ಚಿತು. ಅವರನ್ನು ಬಸ್ಸಿಗೆ ಬಿಡಲು ನಾವು ಉಳಿದವರು ಹೋಗಿದ್ದೆವು. ಸಂಪಾಜೆ ಘಾಟಿ ಇಳಿದು ಪುತ್ತೂರಿಗೆ ಹೋಗುವ ಬಸ್ಸು, ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲು ಸುಟ್ಟ ಗ್ಯಾಸಿನಿಂದ ಓಡುತ್ತಿದ್ದದ್ದು. ಬೆಳಗಿನ ಮೊದಲ ಬಸ್ಸು, ಖಾಲಿ. ಕಂಡಕ್ಟರ್ ಮೇಷ್ಟ್ರನ್ನು ನೋಡಿ ಟಿಕೆಟಿನ ಚೀಲಕ್ಕೆ ಕೈ ಹಾಕಲಿಲ್ಲ. "ನಿಲ್ಲಿ ಮೇಷ್ಟ್ರೇ, ಗ್ಯಾಸ್ ಇನ್ನೂ ಹಿಡೀಲಿಲ್ಲ" ಎಂದ. ಗ್ಯಾಸ್ ಆಗಲೇ ಹಿಡಿದು ಬಸ್ಸು ನಡುಗುತ್ತಿತ್ತು. ಮೇಷ್ಟ್ರು ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಆಕಾಶ ನೋಡತೊಡಗಿದರು.

ನನ್ನ ಜೇಬಿನಲ್ಲಿ ಕಾಸಿತ್ತು. ಮೊದಲ ಟಿಕೆಟು ಕೊಳ್ಳಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಬೋಪಣ್ಣ ಮುಂದೆ ಹೋಗಿ, "ಮದೆಗೆ ಒಂದು ಕೊಡಿ" ಎಂದ. ಟಿಕೆಟು ತೆಗೆದುಕೊಂಡು ಜೇಬಿಗೆ ಹಾಕಿ ನಮ್ಮ ಜೊತೆಯಲ್ಲೇ ನಿಂತ. ಘಾಟಿಯ ದಾರಿಯಲ್ಲಿ ಸಿಗುವ ಆ ಮದೆಯಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ನಾನು ಪೆಟ್ಟಿಗೆಯನ್ನು ಬಸ್ಸಿನ ಮೇಲಕ್ಕೆ ಏರಿಸಿದೆ. ಅದೊಂದು ಕೆಲಸ ಸಿಕ್ಕಿತಲ್ಲ ಎಂದು ಬಹಳ ಹೊತ್ತು ಹಗ್ಗ ಬಿಗಿದೆ.

ನಾನು ಇಳಿದು ಬಂದಾಗ ಮೇಷ್ಟ್ರು ಕಿಟಕಿಯಿಂದ ಬಗ್ಗಿದರು. ಸಂತೆಯಲ್ಲಿ ಬಗ್ಗಿದ ಹಾಗೆಯೇ, ಬೇರೆಯವರಿಗೆ ಕೇಳಿಸದಂತೆ.

"ಆ ಲಾರಿಗೆ ಕೊಟ್ಟ ಮಾರ್ಕು ನಾನು ವಾಪಸ್ ತೆಗೆಯಲಿಲ್ಲ. ಉತ್ತರ ಚೆನ್ನಾಗಿತ್ತು. ಯಾಕೆ ಬರೆದೆ ಅಂತಲೂ ಗೊತ್ತಾಯ್ತು."

ಬಸ್ಸು ಹೊರಟಿತು. ನಾನು ಕೈ ಬೀಸಿದೆ. ಹೇಳಬೇಕಾದದ್ದನ್ನು ಹೇಳಲು ಮೂರ್ಖನಿಗೂ ಅಷ್ಟು ಹೊತ್ತು ಸಾಕಾಗಿತ್ತು.

ಅವರು ಕಲಿಸಿದ ಟೈಪು, ಲೆಕ್ಕಗಳಿಂದಲೇ ನಾನು ನೆಲ್ಯಹುದಿಕೇರಿಯ ಬಳಿ ಒಂದು ಎಸ್ಟೇಟಿನಲ್ಲಿ ರೈಟರ್ ಆದೆ. ಬಿಳಿಯರು ಹೋದ ಮೇಲೆ ಸ್ವಂತ ಅಂಗಡಿ ಇಟ್ಟೆ. ಒಳ್ಳೆಯ ಹಣ್ಣು, ಕೆಟ್ಟ ಹಣ್ಣು ಬೇರೆ ಬೇರೆ ಇಟ್ಟು ಮಾರಿದೆ. ನನ್ನ ಕೈಗುಣ ಚೆನ್ನಾಗಿದೆ ಎಂದು ಜನ ಹೇಳಿದಾಗಲೆಲ್ಲ ನಾನು ತಕ್ಕಡಿಯ ತಟ್ಟೆ ಒರೆಸತೊಡಗುತ್ತಿದ್ದೆ.

ಸಾಮಾನು ತರಲು ಪುತ್ತೂರಿಗೆ ಹೋಗುವುದಿತ್ತು. ಒಮ್ಮೆ ಅಲ್ಲಿನ ಪೇಟೆಯಲ್ಲಿ ಬೆಳಿಗ್ಗೆ ಅವರನ್ನು ಕಂಡೆ. ಕೋಟು ಅದೇ, ತಲೆ ಪೂರ್ತಿ ಬಿಳಿ. ಒಂದು ದಿನಸಿ ಅಂಗಡಿಯಿಂದ ಸ್ವಲ್ಪ ದೂರದಲ್ಲಿ ಕೊಡೆ ಊರಿ ನಿಂತಿದ್ದರು. ಯಾರಿಗೋ ಕಾಯುತ್ತಿರಬೇಕು ಎಂದುಕೊಂಡೆ. ಒಬ್ಬಳು ಹುಡುಗಿ ಬಂದು ಉಪ್ಪು ಕೊಂಡು ಹೋದಳು. ಆಗ ಅವರು ಮೆಟ್ಟಿಲು ಹತ್ತಿದರು. ಅಂಗಡಿಯವನು, "ಎಂತ ಮೇಷ್ಟ್ರೇ, ಯಾವಾಗಲೂ ಹೊರಗೇ ನಿಂತುಕೊಳ್ಳುದು? ಸೀದಾ ಬರಬಾರದಾ?" ಎಂದು ನಗುತ್ತ ಕೇಳುವುದು ನನಗೆ ರಸ್ತೆಯ ಈಚೆಗೂ ಕೇಳಿಸಿತು. ಆ ಊರಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಅವರೊಬ್ಬರಿಗೆ ಗೊತ್ತಿತ್ತು. ನಾನು ಸಾಮಾನು ಕೊಳ್ಳದೆ ಬಂದ ಬಸ್ಸಿನಲ್ಲೇ ತಿರುಗಿ ಬಂದೆ.

ಆಮೇಲೆ ಅವರು ತೀರಿಹೋದ ಸುದ್ದಿ ಬಂತು. ಹೇಳಿದ್ದು ಬೋಪಣ್ಣನೇ. ಹೇಳಿ, ನಾನು ಏನಾದರೂ ಹೇಳುತ್ತೇನೋ ಎಂದು ಸ್ವಲ್ಪ ಹೊತ್ತು ಕಾದ. ನಾನು ಅವನಿಗೆ ಕಾಫಿ ಬೇಕೇ ಎಂದು ಕೇಳಿದೆ.

ಅವರು ಮಡಿಕೇರಿ ಬಿಟ್ಟು ಹೋದ ಮೇಲೂ ನಮ್ಮ ಕಡೆಯ ವ್ಯಾಪಾರಿಗಳು ಬಹಳ ಕಾಲ ಬೆಳಗಿನ ಹೊತ್ತು ಅವರ ಹೆಸರೆತ್ತುತ್ತಿರಲಿಲ್ಲ. ಎತ್ತಬೇಕಾದರೆ ಬೋಣಿ ಮೇಷ್ಟ್ರು ಎನ್ನುತ್ತಿದ್ದರು. ನಾನೂ ವ್ಯಾಪಾರಿಯೇ. ಆ ಸುಳ್ಳು ಹುಟ್ಟಿದ ಜಾಗ ಗೊತ್ತಿದ್ದ ನಾನೂ ಎತ್ತಲಿಲ್ಲ.

ಈಗ ಬೆಳಿಗ್ಗೆ. ಅಂಗಡಿಯ ಬಾಗಿಲು ಇನ್ನೂ ತೆರೆದಿಲ್ಲ. ಮೊಮ್ಮಗಳು ಕಾಲೇಜಿಗೆ ಹೊರಟಿದ್ದಾಳೆ. ಯಾರು ಕಲಿಸಿದ್ದು ಎಂದು ಕೇಳಿದ್ದಳಲ್ಲ, ಅವಳನ್ನು ಕರೆದು ಮೊದಲು ಅದನ್ನು ಹೇಳಿದೆ. ಇಲ್ಲಿಯೂ ಬರೆಯುತ್ತೇನೆ. ಅವರ ಹೆಸರು ಶೀನಪ್ಪಯ್ಯ.